ಮೀನಿನ ಬುಟ್ಟಿಯ ಬರ್ಫ

ವಿಜ್ಞಾನವು ಸತ್ಯದ ಮೇಲೆ ನಿಂತಿದೆ ಎನ್ನುತ್ತಾರೆ ದೊಡ್ಡವರು. ನಮ್ಮದು ಅಂದು ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟ ಬಸ್ಸಿನಲ್ಲಿ, ಕರಗುತ್ತಿದ್ದ ಬರ್ಫಿನ ಗಡ್ಡೆಗಳ ಮೇಲೆ ನಿಂತಿತ್ತು.

ಅನ್ನನಾಳದ ಕ್ಯಾನ್ಸರನ್ನು ಮೊದಲೇ ತೋರಿಸಿಕೊಡುವ ಪ್ರೋಟೀನ್ ರಕ್ತದಲ್ಲಿ ಸಿಗುತ್ತದೆಯೇ ಎಂದು ಹುಡುಕುವುದು ನನ್ನ ಕೆಲಸ. ತೊಡೆಯ ಮೇಲೆ ಬರ್ಫ ತುಂಬಿದ ಡಬ್ಬಿಯಲ್ಲಿ ಘೋಡಗೇರಿಯ ರೋಗಿಯೊಬ್ಬರ ರಕ್ತವಿತ್ತು. ಅವರಿಗೆ ಅದೇ ದಿನ ಚಿಕಿತ್ಸೆ ಶುರು. ಆಮೇಲಿನ ರಕ್ತದಿಂದ ನಮಗೆ ಉಪಯೋಗವಿಲ್ಲ. ಇದು ಕೆಟ್ಟರೆ ಮತ್ತೆ ಸಿಗದು.

ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ಮಗುಚಿತ್ತು. ಬಸ್ಸು ನಿಂತೇ ಇತ್ತು. ಡಬ್ಬಿಯಲ್ಲಿ ಬರ್ಫಿಗಿಂತ ನೀರೇ ಹೆಚ್ಚಾಯಿತು.

ಹಿಂದಿನ ಸೀಟಿನಲ್ಲಿ ಮೀನು ಮಾರುವ ಚಾಚಾ ಒಬ್ಬರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನನ್ನ ಬಾಜೂ ಸೀಟಿನ ಅಜ್ಜಿ ಮೂಗಿಗೆ ಸೆರಗು ಹಿಡಿದು, ಬಸ್ಸು ಹತ್ತಿದಾಗಿನಿಂದ ಅವರನ್ನು ಬಯ್ಯುತ್ತಿದ್ದಳು.

“ಚಾಚಾ, ಬುಟ್ಟ್ಯಾಗಿನ ಬರ್ಫ ಸ್ವಲ್ಪ ಕೊಡ್ತೀರೇನ್ರಿ? ಇದರಾಗ ರೋಗಿ ರಕ್ತ ಐತಿ,” ಎಂದೆ.

“ನನ್ನ ಮೀನ ಕೆಡ್ತಾವಲ್ರಿ!”

ಅಜ್ಜಿ ತಿರುಗಿದಳು. “ಕೊಡೋ ಯಪ್ಪಾ! ಈಗೇನ ಮಲ್ಲಿಗಿ ಹೂವಿನಂಗ ನಾರಾಕತ್ತಾವೇನ?”

ಚಾಚಾ ನಕ್ಕು ಬೊಗಸೆ ತುಂಬ ಸುರಿದರು. ಅಜ್ಜಿ ಸೆರಗು ಬಿಟ್ಟು ಡಬ್ಬಿಯ ಮುಚ್ಚಳ ಒತ್ತಿ ಹಿಡಿದಳು.

ಗೋಕಾಕದ ನಮ್ಮ ಲ್ಯಾಬ್ ಮುಟ್ಟಿದಾಗ ರಕ್ತ ಕೆಟ್ಟಿರಲಿಲ್ಲ. ಪರೀಕ್ಷಿಸಿ ನೋಡಿದರೆ, ನಾವು ಹುಡುಕುತ್ತಿದ್ದ ಪ್ರೋಟೀನ್ ಅದರಲ್ಲಿ ಇರಲಿಲ್ಲ.