ಟಕ್ ಎನ್ನದ ಬಳೆ

ಆಗೆಲ್ಲ ದಾಸರಹಳ್ಳಿಗೆ ಬೆಳಗಾಗುತ್ತಿದ್ದುದು ಪೀಣ್ಯದ ಕಾರ್ಖಾನೆಗಳ ಸೈರನ್ನಿನಿಂದ. ಆ ಸದ್ದಿಗೆ ಅಪ್ಪ ಸೈಕಲ್ ಹತ್ತಿದರೆ ನನಗೆ ಭಯ ಶುರುವಾಗುತ್ತಿತ್ತು. ಅಪ್ಪನದು ತಗಡು ಒತ್ತುವ ಪ್ರೆಸ್ ಮಷೀನಿನ ಕೆಲಸ. ನಮ್ಮ ಬೀದಿಯಲ್ಲೇ ಅಂಥ ಮಷೀನಿಗೆ ಬೆರಳು ಕಳೆದುಕೊಂಡವರೊಬ್ಬರು ಇದ್ದರು. ಅವರು ಬೀಡಿ ಹಚ್ಚುವುದನ್ನು ನೋಡಲಾರದೆಯೂ ನೋಡುತ್ತಿದ್ದೆ.

ಇನ್ನೊಂದು ಭಯ ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲೇ ಇತ್ತು. ಅಲ್ಲಿ ಅಮ್ಮ ಮೋಟಾರಿನಿಂದ ತಿರುಗುವ ಲೇತಿನ ಮೇಲೆ ಮರದ ಬಳೆ ಕಡೆಯುತ್ತಿದ್ದಳು. ತವರಿನಲ್ಲಿ ಕಲಿತ ಕೆಲಸ. ಬೀಟೆ, ಹಲಸು, ಹೊನ್ನೆಯ ಚೂರುಗಳನ್ನು ಓರೆಯಾಗಿ ಕೊಯ್ದು, ಸರೇಸಿನ ಅಂಟು ಹಚ್ಚಿ ಉಂಗುರದ ಹಾಗೆ ಕೂಡಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಒಣಗಿಸುವಳು. ಆಮೇಲೆ ಲೇತಿಗೆ ಕೊಟ್ಟರೆ ಒಂದೇ ಬಳೆಯಲ್ಲಿ ಕಪ್ಪು, ಹಳದಿ, ಕೆಂಪು ಹೊಳೆಯುತ್ತಿದ್ದವು. ಡಬ್ಬಿಯಲ್ಲಿ ಕುದಿಯುವ ಸರೇಸಿನದು ಕೆಟ್ಟ ನಾತ, ಹಲಸಿನ ಹೊಟ್ಟಿನದು ಪರಿಮಳ. ಎರಡರ ನಡುವೆ ಕೂತು ನಾನು ಹುರಿಗಾಳು ತಿನ್ನುತ್ತಿದ್ದೆ.

ಲೇತಿಗೆ ಕೊಡುವ ಮೊದಲು ಅಮ್ಮ ಒಂದೊಂದು ಉಂಗುರವನ್ನೂ ಉಳಿಯ ಹಿಡಿಗೆ ಬಡಿದು ಕಿವಿಗೊಡುತ್ತಿದ್ದಳು. ಟಕ್ ಎಂದರೆ ಗಟ್ಟಿ. ಡಬ್ ಎಂದರೆ ಅಂಟು ಇನ್ನೂ ಹಸಿ. ತಿರುಗುವಾಗ ಸಿಡಿದು ಕಣ್ಣಿಗೇ ಬಡಿಯಬಹುದು. ಅಂಥದನ್ನು ಗೋಡೆಯ ಮೊಳೆಗೆ ನೇತುಹಾಕುವಳು. ಲೇತಿನ ಮುಂದೆ ನಿಲ್ಲುವಾಗ ಮಾತ್ರ ಕೈಯ ಗಾಜಿನ ಬಳೆಗಳನ್ನು ಕಳಚಿಡುತ್ತಿದ್ದಳು.

ಅಪ್ಪನ ತಾಯಿಗೆ, ನಮ್ಮ ಅಜ್ಜಿಗೆ, ಅದನ್ನು ಕಂಡರೆ ಮೈಯೆಲ್ಲ ಉರಿ.

"ಮುತ್ತೈದೆ ಬರೀ ಕೈಲಿದ್ರೆ ಗಂಡಂಗೆ ಆಗ್ಬರಾಕಿಲ್ಲ ಕಣಮ್ಮಿ. ಅವನು ಅಲ್ಲಿ ಮಿಷಿನ್ ಬಾಯಿಗೆ ಕೈ ಕೊಡ್ತಾವ್ನೆ!"

"ಇದೂ ಮಿಷಿನ್ನೇ ಅಲ್ವಾ ಅತ್ತೆ? ಬಳೆ ಸಿಕ್ಕಾಕ್ಕೊಂಡ್ರೆ ನನ್ ಕೈ ಹೋಗುತ್ತೆ," ಎನ್ನುತ್ತಿದ್ದಳು ಅಮ್ಮ.

ನಾನು ಇಬ್ಬರ ಮಾತನ್ನೂ ನಂಬಿದ್ದೆ. ಫಜೀತಿ ಅಲ್ಲೇ ಇದ್ದದ್ದು. ಬಳೆ ತೆಗೆದರೆ ಅಪ್ಪನ ಕೈ, ಹಾಕಿದರೆ ಅಮ್ಮನ ಕೈ. ಕುಂಟೆಬಿಲ್ಲೆ ಆಡುವಾಗಲೂ ಅದೇ ಯೋಚನೆ, ಗೆರೆ ತುಳಿದು ಔಟಾಗುತ್ತಿದ್ದೆ.

ಒಂದು ಮಳೆಗಾಲದ ಸಂಜೆ ಸೈರನ್ ಕೂಗಿ ಎಷ್ಟು ಹೊತ್ತಾದರೂ ಅಪ್ಪ ಬರಲಿಲ್ಲ. ಸೈಕಲ್ ಪಂಕ್ಚರ್ ಆಗಿತ್ತೆಂದು ಗೊತ್ತಾದದ್ದು ಆಮೇಲೆ. ಅಜ್ಜಿ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಜೋರಿನ ಹೆಂಗಸು, ಅವತ್ತು ದನಿ ತಗ್ಗಿಸಿ ಬೇಡಿದರು.

"ಕೈಗೆ ಏನಾದ್ರೂ ಒಂದು ಹಾಕ್ಕೊಳೇ ತಾಯಿ. ಕೈ ಮುಗೀತೀನಿ."

ಅಮ್ಮ ಅವರ ಮುಖ ನೋಡಿದಳು. ಗಾಜಿನದು ಒಡೆದೀತು, ಮಾರುವ ಬಳೆ ಹಾಕಿಕೊಳ್ಳುವುದು ಬೇಡವೆಂದು ಮೊಳೆಯಲ್ಲಿದ್ದ ಒರಟು ಉಂಗುರವೊಂದನ್ನು, ಬೆಳಿಗ್ಗೆ ಡಬ್ ಎಂದದ್ದನ್ನು, ಕೈಗೇರಿಸಿಕೊಂಡು ಲೇತು ಶುರುಮಾಡಿದಳು.

ಉಳಿ ಚಾಚುವಾಗ ಬಳೆ ಮುಂಗೈಗೆ ಜಾರಿತು. ನನಗೆ ಕಾಣುತ್ತಿತ್ತು, ಕೂಗುವಷ್ಟು ಹೊತ್ತಿರಲಿಲ್ಲ. ಲೇತಿನ ತಿರುಗುವ ತಲೆಯ ಸ್ಕ್ರೂಗೆ ಅದು ಸಿಕ್ಕಿತು. ಪಟಾರ್! ಚೂರುಗಳು ಶೀಟಿಗೆ ಬಡಿದವು. ಕರೆಂಟಿನ ಸ್ವಿಚ್ಚನ್ನೇ ಮುಟ್ಟದ ಅಜ್ಜಿ ಓಡಿಹೋಗಿ ಮೋಟಾರು ಆರಿಸಿದರು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದೆ. ಅಮ್ಮನಿಗೆ ಕೈ ಇಲ್ಲ ಎಂದೇ ತೀರ್ಮಾನಿಸಿಬಿಟ್ಟಿದ್ದೆ.

"ಇದೆ ಕಣೇ, ಕೈ ಇದೆ. ಕಣ್ ಬಿಡು, ನೋಡು." ಅಮ್ಮನದೇ ದನಿ.

ಮಣಿಕಟ್ಟು ಊದಿತ್ತು, ಬೆರಳುಗಳು ಆಡುತ್ತಿದ್ದವು. "ಗಟ್ಟಿ ಬಳೆ ಆಗಿದ್ರೆ ಕೈನೂ ಎಳ್ಕೊಂಡ್ ಹೋಗ್ತಿತ್ತು ಅತ್ತೆ," ಎಂದಳು ಅಮ್ಮ. ಅಷ್ಟರಲ್ಲಿ ಸೈಕಲ್ಲಿನ ಬೆಲ್ ಕೇಳಿಸಿತು. ಓಡಿಹೋಗಿ ಅಪ್ಪನ ಎರಡೂ ಕೈ ಹಿಡಿದು ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡಿದೆ.

ಊತ ಇಳಿದು ಅಮ್ಮ ಮತ್ತೆ ಶೆಡ್ಡಿಗೆ ಹೊರಟ ದಿನ ಅಜ್ಜಿಯೇ ಅವಳ ಗಾಜಿನ ಬಳೆ ಕಳಚಿದರು. ಅರಿಶಿನ ಕಲಸಿ ಎರಡೂ ಮಣಿಕಟ್ಟಿಗೆ ದಪ್ಪಗೆ, ಸುತ್ತ ಹಚ್ಚಿದರು.

"ಇದೇ ನಿನ್ ಬಳೆ. ಇದನ್ನ ಯಾವ ಮಿಷಿನ್ನೂ ಹಿಡ್ಕೊಳಾಕಿಲ್ಲ."

ಅಂದಿನಿಂದ ದಿನಾ ಅದೇ ನಡೆಯಿತು. ನಾನೂ ಸ್ವಲ್ಪ ನಿರಾಳವಾಗಿ ಉಸಿರಾಡಿದೆ.

ಈಗ ಆ ಶೆಡ್ಡಿನ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದಿವೆ, ಸೈರನ್ ಕೂಗುವುದಿಲ್ಲ. ಅಪ್ಪ ಹತ್ತೂ ಬೆರಳು ಇಟ್ಟುಕೊಂಡೇ ರಿಟೈರಾದರು. ಅಪ್ಪ, ಅಮ್ಮ, ಅಜ್ಜಿ ಮೂವರೂ ಈಗಿಲ್ಲ. ಮೊನ್ನೆ ಅಡುಗೆಮನೆಯಲ್ಲಿ ಸುಮ್ಮನೆ ಮಣಿಕಟ್ಟಿಗೆ ಅರಿಶಿನ ಹಚ್ಚಿಕೊಂಡೆ. ವಾಸನೆ ಅದೇ, ಹೆದರಿಕೆ ಮಾತ್ರ ಬರಲಿಲ್ಲ. ಸಂಜೆ ಬಾಗಿಲಲ್ಲಿ ನಿಂತು ಹೆದರುತ್ತಾ ಕಾಯುವುದಕ್ಕೆ ನನಗೀಗ ಯಾರೂ ಇಲ್ಲ.