ಸಮಿತಿಗೆ ಬೇಕಾಗಿದ್ದ ಕನ್ನಡಿಗ

ಬೆಂಗಳೂರಿಗೆ ಬಂದ ಮೇಲೆ ನನ್ನನ್ನು ಮೊದಲ ಸಲ ‘ನಮ್ಮವರು’ ಎಂದು ಕರೆದದ್ದು, ಇಲ್ಲೇ ಹುಟ್ಟಿದ ಒಬ್ಬರನ್ನು ಹೊರಗಿಡುವುದಕ್ಕೆ.

ಕಲಬುರಗಿಯಲ್ಲಿ ನನ್ನ ಕನ್ನಡವನ್ನು ಯಾರೂ ಅನುಮಾನಿಸಿರಲಿಲ್ಲ. ಇಲ್ಲಿ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಿದಾಗ ಮಾಲೀಕರು, ‘ನಿಮ್ದು ಮಹಾರಾಷ್ಟ್ರನಾ ಸಾರ್?’ ಎಂದರು. ಅಂಗಡಿಯಲ್ಲಿ ಉಳ್ಳಾಗಡ್ಡಿ ಎಂದರೆ ನಕ್ಕು ಈರುಳ್ಳಿ ಕೊಡುತ್ತಿದ್ದರು. ಭಾನುವಾರಗಳ ಒಂಟಿತನ ತಾಳದೆ ಬನಶಂಕರಿಯ ಎಡಪಂಥೀಯರ ಓದುಕೂಟವೊಂದಕ್ಕೆ ಸೇರಿದೆ. ಅದನ್ನು ಕಟ್ಟಿದವರು ಸೆಲ್ವಿ. ಬೆಂಗಳೂರಿನದೇ ಶ್ರೀನಗರದಲ್ಲಿ ಹುಟ್ಟಿ ಬೆಳೆದ ಗಣಿತದ ಮೇಡಂ, ಮನೆಮಾತು ತಮಿಳು.

ಆ ಭಾನುವಾರ ರಷ್ಯಾದ ಕ್ರಾಂತಿಯ ಮೊದಲ ವರ್ಷಗಳ ಬಗ್ಗೆ ಓದಿದೆವು. ಯೆಹೂದಿಯಾಗಿ ಹುಟ್ಟಿದ ನಾಯಕನೊಬ್ಬ, ತನ್ನ ಹುಟ್ಟನ್ನು ವೈರಿಗಳು ಆಯುಧ ಮಾಡಿಕೊಂಡಾರೆಂದು ದೊಡ್ಡ ಹುದ್ದೆಗೆ ಹಿಂಜರಿದಿದ್ದ. ಮುಂದೆ ಅಧಿಕಾರದ ಜಗಳದಲ್ಲಿ ಅದೇ ಹುಟ್ಟನ್ನು ಸಂಗಾತಿಗಳೇ ಪಿಸುಮಾತಿನಲ್ಲಿ ಎತ್ತಿ ಆಡಿದರು. ನಾವೆಲ್ಲ ಅವರನ್ನು ಖಂಡಿಸಿದೆವು. ಟೀ ಕುಡಿದು, ನಮ್ಮ ಓದುಕೂಟದ ಸಮಿತಿಗೆ ಕಾರ್ಯದರ್ಶಿಯನ್ನು ಆರಿಸಲು ಕೂತೆವು.

ಸೆಲ್ವಿಯವರೇ ಆಗುತ್ತಾರೆಂದು ನಾನು ತಿಳಿದಿದ್ದೆ. ಹಿರಿಯರಾದ ಮೂರ್ತಿ ಸಾರ್ ಕೆಮ್ಮಿದರು. ‘ಸೆಲ್ವಿ ಮೇಡಂ ಬಗ್ಗೆ ನಂಗೇನೂ ಇಲ್ಲಪ್ಪ. ಆದ್ರೆ ಜನ ಒಪ್ಬೇಕಲ್ಲ? ನಾಳೆ ಕಾವೇರಿ ಗಲಾಟೆ ಆದ್ರೆ ಕರಪತ್ರದಲ್ಲಿ ಅವರ ಹೆಸರು ಹೆಂಗೆ ಹಾಕೋದು? ಇವರನ್ನ ಮಾಡೋಣ. ನಮ್ಮವರು, ಅಚ್ಚ ಕನ್ನಡದವರು.’ ಅವರು ತೋರಿಸಿದ್ದು ನನ್ನನ್ನು.

‘ಹೋದ್ವಾರ ಇವರ ಮಾತೇ ಅರ್ಥ ಆಗಲ್ಲ ಅಂದಿದ್ರಿ ಸಾರ್,’ ಎಂದರು ಸೆಲ್ವಿ. ಎಲ್ಲರೂ ನಕ್ಕರು. ಮೂರ್ತಿ ಸಾರ್ ಕೂಡ.

‘ನಾ ಒಲ್ಲೆ’ ಎಂದೆ ಎಂದು ನನ್ನ ನೆನಪು. ನನ್ನ ನೆನಪು ನನ್ನ ಪರವಾಗಿಯೇ ಮಾತಾಡುವುದು ಹೆಚ್ಚು. ಎಷ್ಟು ಗಟ್ಟಿಯಾಗಿ ಅಂದೆನೋ ಹೇಳಲಾರೆ. ಅದನ್ನು ವಿನಯ ಎಂದುಕೊಂಡರು. ಕೈ ಎತ್ತುವ ಮೊದಲೇ ಸೆಲ್ವಿ ಎದ್ದು, ‘ನನ್ನ ಹೆಸರು ನಾನಾಗಿ ವಾಪಸ್ ತಗೊಳ್ಳಲ್ಲ. ಎಣಿಸಿ. ಯಾರ್ಯಾರ ಕೈ ಅಂತ ನಾನೂ ನೋಡ್ಬೇಕು,’ ಎಂದರು.

ಕೈಗಳು ಎದ್ದವು. ನಾನು ಕಾರ್ಯದರ್ಶಿಯಾದೆ.

ಬಸ್ ಸ್ಟಾಪಿನವರೆಗೆ ಸೆಲ್ವಿಯವರ ಜೊತೆ ನಡೆದೆ. ನಾಳೆಯೇ ಬಿಟ್ಟುಬಿಡುತ್ತೇನೆ ಎಂದೆ. ‘ಬಿಟ್ರೆ ಇನ್ನೊಬ್ರು ಅಚ್ಚ ಕನ್ನಡದವರು ಬರ್ತಾರೆ ಅಷ್ಟೆ,’ ಎಂದರು. ಬಸ್ ಬರುವುದು ಕಂಡಾಗ ಕೇಳಿದರು: ‘ನಿಮ್ಮೂರಿಗೆ ಬಂದ್ರೆ ನನ್ನನ್ನ ಏನಂತಾರೆ?’

‘ಬೆಂಗಳೂರಾಕಿ ಅಂತಾರ್ರೀ.’

‘ಅಷ್ಟು ಅಂದ್ರೆ ಸಾಕು. ಅಲ್ಲಿಗೇ ಬಂದ್ಬಿಡ್ತೀನಿ,’ ಎಂದು ಬಸ್ ಹತ್ತಿದರು.

ಊರಿಗೆ ಹೋದರೆ ಈಗ ನನ್ನನ್ನೂ ಬೆಂಗಳೂರಾಂವ ಎಂದೇ ಕರೆಯುತ್ತಾರೆಂದು, ಅದರಿಂದ ನನಗೆ ನೋವಾಗುತ್ತದೆಂದು, ಅವರಿಗೆ ಹೇಳಲಾಗಲಿಲ್ಲ.