ಬದುಕಿ ಬಂದರೆ ವಾಪಸು

ಸಿಟ್ಟು ಬಂದಾಗ ನನ್ನ ಅಕ್ಷರ ದುಂಡಗಾಗುತ್ತದೆ. ಉಳಿದವರಿಗೆ ಸಿಟ್ಟು ಬಂದರೆ ಕೈ ನಡುಗುತ್ತದಂತೆ, ಶಾಯಿ ಚೆಲ್ಲುತ್ತದಂತೆ. ನನಗೆ ಮಾತ್ರ ಆಗಲೇ ಒತ್ತಕ್ಷರ ತನ್ನ ಜಾಗದಲ್ಲಿ ಕೂರುತ್ತದೆ, ಸಾಲು ನೆಟ್ಟಗೆ ಹೋಗುತ್ತದೆ. ಶಿರಸಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಬರಹವನ್ನು ಯಾರಾದರೂ ಹೊಗಳಿದರೆ ನನಗೆ ನಾಚಿಕೆಯಾಗುವುದು ಇದಕ್ಕೇ. ನನ್ನ ಜೀವಮಾನದ ಅತ್ಯಂತ ಚೆಂದದ ಬರಹ ಎರಡು ಫುಲ್‌ಸ್ಕೇಪ್ ಹಾಳೆಗಳ ಮೇಲಿದೆ. ತಲೆಬರಹ: ‘ಕೇದಾರ ಯಾತ್ರೆಯ ಖರ್ಚಿನ ಅಂದಾಜು ಪತ್ರಿಕೆ’. ಅದರಲ್ಲಿ ಒಂದು ಚಿತ್ತಿಲ್ಲ, ಒಂದು ಕಾಗುಣಿತದ ತಪ್ಪಿಲ್ಲ. ನನಗೆ ಎಷ್ಟು ಸಿಟ್ಟಿತ್ತೆಂದು ನೀವೇ ಅಂದಾಜು ಮಾಡಿಕೊಳ್ಳಿ.

ಯಾತ್ರೆಗೆ ಹೊರಟವರು ನನ್ನ ತಾಯಿ. ನಾವು ಆಯಿ ಎನ್ನುತ್ತೇವೆ. ಅರವತ್ತಮೂರು ದಾಟಿದ ಆಯಿಗೆ ದೇವರ ದರ್ಶನಕ್ಕಿಂತ ಹೆಚ್ಚಾಗಿ ಹಿಮವನ್ನು ಕೈಯಲ್ಲಿ ಹಿಡಿದು ನೋಡಬೇಕಿತ್ತು. “ನೀರು ಕಲ್ಲಾಗ್ತಡ. ಒಂದು ಸಲ ಮುಟ್ಟಿ ನೋಡವು, ತಮಾ” ಎಂದು ಎರಡು ವರ್ಷ ಹೇಳಿದಳು. ಮೂರನೆಯ ವರ್ಷ ಹೇಳುವುದನ್ನು ಬಿಟ್ಟಳು. ಬಿಟ್ಟಾಗ ನನಗೆ ಭಯವಾಯಿತು. ಅಷ್ಟರಲ್ಲಿ ಬನವಾಸಿಯ ಬಟ್ಟೆ ವ್ಯಾಪಾರಿ ಬಸವಣ್ಣೆಪ್ಪನವರು ಇಪ್ಪತ್ತೆರಡು ಜನರನ್ನು ಕೇದಾರಕ್ಕೆ ಕರೆದೊಯ್ಯುತ್ತಾರೆಂಬ ಸುದ್ದಿ ಬಂತು. ಅವರು ಹಿಂದೆ ಎರಡು ಸಲ ಹೋಗಿ ಬಂದವರು. ಅಲ್ಲಿಯ ದೊಡ್ಡ ಅರ್ಚಕರು, ರಾವಲರು ಎನ್ನುತ್ತಾರೆ, ನಮ್ಮ ಕನ್ನಡ ಸೀಮೆಯ ವೀರಶೈವರೇ ಆಗಿರುವುದು ತಲೆತಲಾಂತರದ ಪದ್ಧತಿ. ಸಾವಿರಾರು ಮೈಲಿ ಹೋಗಿ, ಉಸಿರು ಸಿಗದ ಎತ್ತರಕ್ಕೆ ಹತ್ತಿ ನಿಂತರೆ ಅಲ್ಲಿ ಒಬ್ಬರು “ಯಾವ ಊರು?” ಎಂದು ಕನ್ನಡದಲ್ಲಿ ಕೇಳುತ್ತಾರಂತೆ. ಆಯಿಗೆ ಇದು ಬಹಳ ಸಮಾಧಾನ ಕೊಟ್ಟಿತು. ನನಗೆ ಮಾತ್ರ, ಕನ್ನಡ ಕೇಳಲು ಇಷ್ಟು ಖರ್ಚು ಮಾಡಬೇಕೇ ಎನ್ನಿಸಿತು.

ಖರ್ಚೆಂದರೆ ಖರ್ಚು. ಬಸವಣ್ಣೆಪ್ಪನವರು ಕೊಟ್ಟ ಪಟ್ಟಿ ಆಣೆಗಳಲ್ಲಿತ್ತು. ದೇಶಕ್ಕೆ ನಯಾಪೈಸೆ ಬಂದು ವರ್ಷವೆರಡಾದರೂ ಬನವಾಸಿಗೆ ಇನ್ನೂ ಬಂದಿರಲಿಲ್ಲ. ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಯಾರ ಪಾಲು ಎಂದು ಕೇಳಿದರೆ ಅವರು ನಕ್ಕರು. ನಾನು ನಗಲಿಲ್ಲ. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಹರಿದ್ವಾರದವರೆಗೆ ರೈಲು, ನಡುವೆ ಹಮಾಲರು. ಮೇಲೆ ಬೆಟ್ಟದ ಬಸ್ಸು, ಬಸ್ಸು ನಿಂತಲ್ಲಿಂದ ನಡಿಗೆ. ಚಟ್ಟಿಗಳೆಂಬ ದಾರಿಯ ತಂಗುದಾಣಗಳಲ್ಲಿ ಜಾಗ ಪುಕ್ಕಟೆ, ಆದರೆ ಅಕ್ಕಿಯನ್ನು ಅವರ ಅಂಗಡಿಯಲ್ಲೇ ಕೊಳ್ಳಬೇಕು. ಕಬ್ಬಿಣದ ಮೊನೆಯ ಊರುಗೋಲು. ಕಂಬಳಿಗೆ ಬಾಡಿಗೆ. ಬಾಡಿಗೆ ಕಂಬಳಿಯನ್ನು ಹಿಂದೆ ಯಾರು ಹೊದ್ದಿದ್ದರೆಂದು ಕೇಳಬಾರದು. ನಮ್ಮ ನೆಂಟರಿಷ್ಟರಂತೂ ಒಂದು ಕಾಸು ಬಿಚ್ಚದೆ ಸಲಹೆಯನ್ನು ಮಾತ್ರ ಕೊಟ್ಟರು. ವಾನಳ್ಳಿಯ ಚಿಕ್ಕಪ್ಪ, ಆಯಿ ಯಾರ ಕೈಯಡುಗೆ ಉಣ್ಣುತ್ತಾಳೆ ಎಂದು ಕೇಳಲಿಕ್ಕೆ ಎಂಟು ಮೈಲಿ ನಡೆದು ಬಂದರು. ಅವಲಕ್ಕಿ ಕಟ್ಟಿಕೊಂಡು ಹೋಗುತ್ತಾಳೆ ಎಂದೆ. ತಾವು ಎದ್ದು ಹೊರಡುವಾಗ, ಹೇಗೂ ಹೋಗುತ್ತಾಳಲ್ಲ, ತನಗೊಂದು ತಂಬಿಗೆ ಗಂಗೆ ತರಲಿ ಎಂದರು. ಹೀಗೆ ಹನ್ನೊಂದು ತಂಬಿಗೆಗಳಾದವು. ಅಷ್ಟೂ ತಂಬಿಗೆ ಹೊರಲು ಇನ್ನೊಬ್ಬ ಹಮಾಲ ಬೇಕೆಂದು ನಾನು ಎಲ್ಲರಿಗೂ ಹೇಳಿ ಕಳಿಸಿದೆ. ಅವರೆಲ್ಲ ಈಗಲೂ ನನ್ನನ್ನು ನಾಸ್ತಿಕನೆನ್ನುತ್ತಾರೆ.

ಇದೆಲ್ಲ ಸಣ್ಣ ಸಿಟ್ಟು. ಮುಂದೆ ಬಂದದ್ದು ಕಂಡಿ.

ಕಂಡಿ ಎಂದರೆ ಬೆತ್ತದ ಬುಟ್ಟಿ. ನಡೆಯಲಾರದ ಯಾತ್ರಿಕರನ್ನು ಅದರಲ್ಲಿ ಕೂರಿಸಿ, ಒಬ್ಬ ಬೆಟ್ಟದ ಕೂಲಿ ಬೆನ್ನಿಗೆ ಕಟ್ಟಿಕೊಂಡು ಹತ್ತುತ್ತಾನೆ. ಕೂಲಿ ತೂಕದ ಮೇಲೆ. ಆದ್ದರಿಂದ ಕಂಡಿ ಬೇಕಾದವರೆಲ್ಲ ಮೊದಲೇ ತೂಗಿಸಿಕೊಂಡು ತೂಕ ಬರೆದು ಕೊಡಬೇಕೆಂದು ಬಸವಣ್ಣೆಪ್ಪನವರ ಕಟ್ಟಪ್ಪಣೆ. ಶಿರಸಿಯಲ್ಲಿ ಆಳೆತ್ತರದ ತಕ್ಕಡಿ ಇರುವುದು ಅಡಿಕೆ ವಖಾರಿಯಲ್ಲಿ. ಆಯಿ ಒಂದಿಷ್ಟೂ ಸಂಕೋಚವಿಲ್ಲದೆ ಹೋಗಿ ತಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ತೂಗುವವನು ಮೂವತ್ತು ವರ್ಷ ಅಡಿಕೆ ಬಿಟ್ಟು ಬೇರೇನನ್ನೂ ತೂಗಿದವನಲ್ಲ. ಕಲ್ಲು ಹಾಕಿದ, ಮುಳ್ಳು ನೋಡಿದ, ರೂಢಿಯ ಮೇಲೆ ಚೀಲದ ತೂಕ ಕಳೆದು, “ನಿವ್ವಳ ಮೂರೂವರೆ ಮಣ!” ಎಂದು ಇಡೀ ಪೇಟೆಗೆ ಕೇಳುವಂತೆ ಕೂಗಿದ. ಯಾವ ಚೀಲ ಎಂದು ನಾನು ರೇಗಿದೆ. ಅವನು ಆಯಿಯ ಸೀರೆಯನ್ನು ನೋಡಿ ತಲೆ ಕೆರೆದುಕೊಂಡ. ಆಯಿ ತಟ್ಟೆಯ ಮೇಲೆ ಕುಳಿತೇ ನಕ್ಕಳು, ತಕ್ಕಡಿ ಅಲ್ಲಾಡಿ ಮತ್ತೆ ತೂಗಬೇಕಾಯಿತು. ಮೇಲಾಗಿ ನಮ್ಮ ಮಣವೇ ಬೇರೆ, ಉತ್ತರದವರ ಪಕ್ಕಾ ಮಣವೇ ಬೇರೆ. ಅವರ ಲೆಕ್ಕದಲ್ಲಿ ಆಯಿ ಒಂದು ಮಣದ ಮೇಲೆ ಚಿಲ್ಲರೆ. ಇದನ್ನು ಬಸವಣ್ಣೆಪ್ಪನವರಿಗೆ ಹೇಳಿರದಿದ್ದರೆ ನನ್ನ ತಾಯಿಯ ಕಂಡಿಗೆ ಮೂರಾಳಿನ ಕೂಲಿ ಕೊಟ್ಟು ಬರುತ್ತಿದ್ದರು. ಇಂಥವರು ಹಿಮಾಲಯಕ್ಕೆ ದಾರಿ ತೋರಿಸುವವರು!

ಈಗ ಹದಿನೇಳನೆಯ ಬಾಬಿಗೆ ಬರುತ್ತೇನೆ. ಪಟ್ಟಿಯ ಕೊನೆಯಲ್ಲಿ, ಬೇರೆಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ, ಬಸವಣ್ಣೆಪ್ಪನವರು ಹೀಗೆ ಬರೆದಿದ್ದರು: ‘ಅರವತ್ತು ದಾಟಿದವರು ಕಟಗಿ ಠೇವಣಿ ಎಪ್ಪತ್ತೈದು ರೂಪಾಯಿ ಕೊಡತಕ್ಕದ್ದು. ಬದುಕಿ ಬಂದರೆ ವಾಪಸು.’

ಎರಡು ಸಲ ಓದಿದೆ. ಕಟಗಿ ಎಂದರೆ ಸೌದೆ. ಯಾವ ಸೌದೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು, ತಿಳಿದ ಮೇಲೆ ಕಿವಿ ಬಿಸಿಯಾಯಿತು. ಮೊದಲ ಬಸ್ಸಿಗೇ ಬನವಾಸಿಗೆ ಹೋದೆ.

“ಇದೇನು ಬರೆದಿದ್ದೀರಿ?” ಎಂದೆ.

“ಕುಂದರ್ರಿ ಮಾಸ್ತರ್ರ, ನೀರು ಕುಡೀರಿ” ಎಂದರು. “ಅಲ್ಲಿ ಅಕ್ಕಿಗಿಂತ ಕಟಗಿ ತುಟ್ಟಿ ಅದಾವ್ರಿ. ಹೋದ ಸಲ ಒಬ್ಬ ಮುದುಕಪ್ಪ ದಾರ್ಯಾಗ ತೀರಿಕೊಂಡ. ರೊಕ್ಕ ಕೂಡಸ್ರಿ ಅಂದರ ಒಬ್ಬೊಬ್ಬರೂ ಒಂದೊಂದು ಗುಡ್ಡದ ಕಡಿ ಮುಖಾ ಮಾಡಿ ನಿಂತರು. ನನ್ನ ಕೈಯಿಂದ ಸುಟ್ಟು ಬಂದೆ. ಈ ಸಲ ನನ್ನ ಕಡಿಂದ ಆಗೂದಿಲ್ರಿ.”

ಉತ್ತರ ಸರಿಯಾಗಿಯೇ ಇತ್ತು. ಸರಿಯಾದ ಉತ್ತರದಿಂದ ಬರುವಷ್ಟು ಸಿಟ್ಟು ತಪ್ಪು ಉತ್ತರದಿಂದ ಬರುವುದಿಲ್ಲವೆಂಬುದು ನನ್ನ ಇಷ್ಟು ವರ್ಷದ ಮಾಸ್ತರಿಕೆಯ ಅನುಭವ. ಎಪ್ಪತ್ತೈದು ರೂಪಾಯಿ ಎಂದರೆ ನನ್ನ ಅರ್ಧ ಸಂಬಳಕ್ಕಿಂತ ಹೆಚ್ಚು. ಆದರೆ ನನ್ನ ಹೊಟ್ಟೆ ಉರಿದದ್ದು ಮೊತ್ತಕ್ಕಲ್ಲ ಎಂದು ಆಗ ಎಲ್ಲರ ಮುಂದೆಯೂ ಹೇಳಿದೆ, ನಾನೂ ನಂಬಿದೆ. ನನ್ನ ತಾಯಿಯ ಸಾವಿಗೆ ಯಾರೋ ಬಟ್ಟೆ ಅಳೆಯುವವರು ದರ ಕಟ್ಟಿದ್ದರು, ನಾನು ಅದನ್ನು ಎಣಿಸಿ ಕೊಟ್ಟು ರಸೀದಿ ಪಡೆದಿದ್ದೆ. ಆ ವಾರ ತರಗತಿಯಲ್ಲಿ ಬಡ್ಡಿ ಲೆಕ್ಕ ಕಲಿಸುವಾಗ ಠೇವಣಿ ಎಂಬ ಮಾತು ಬಂದಲ್ಲೆಲ್ಲ ಸೀಮೆಸುಣ್ಣ ಮುರಿಯುತ್ತಿತ್ತು. ದೇವರ ಮೇಲೂ ಸಿಟ್ಟು ಬಂತು. ನಮ್ಮ ಬನವಾಸಿಯ ಈಶ್ವರ ಹೊಳೆಯ ದಂಡೆಯಲ್ಲಿ, ಮುದುಕಿಯರ ಮಂಡಿಗೆ ಅನುಕೂಲವಾಗುವಂತೆ ನೆಲಮಟ್ಟದಲ್ಲಿ ಕುಳಿತಿದ್ದಾನೆ. ಅದೇ ಈಶ್ವರ ಅಲ್ಲಿ ಹೋಗಿ ಅಷ್ಟು ಎತ್ತರದಲ್ಲಿ ಕೂರುವ ದರ್ದು ಏನಿತ್ತು?

ಆಯಿಗೆ ಠೇವಣಿಯ ವಿಷಯ ಹೇಳಲಿಲ್ಲ. ಹೇಗೆ ಹೇಳುವುದು? ಅಂದಾಜು ಪತ್ರಿಕೆಯನ್ನು ಶುದ್ಧ ಪ್ರತಿ ಮಾಡುವಾಗ ಹದಿನೇಳನೆಯ ಬಾಬಿನ ಮುಂದೆ ‘ಇತರೆ’ ಎಂದು ಬರೆದೆ. ನಾನು ಬರೆದ ಅತಿ ಸುಂದರವಾದ ಮೂರಕ್ಷರಗಳು ಅವೇ.

ವೈಶಾಖದಲ್ಲಿ ಹೊರಟ ಆಯಿ ನಲವತ್ತೆರಡನೆಯ ದಿನ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಮುಖ ಕಪ್ಪಾಗಿತ್ತು, ಮೂಗಿನ ತುದಿಯ ಸಿಪ್ಪೆ ಎದ್ದಿತ್ತು. ಗಂಟನ್ನು ನನ್ನ ಕೈಗೆ ಕೊಡದೆ ಮನೆಯವರೆಗೆ ತಾನೇ ಹೊತ್ತು ನಡೆದಳು. ಹಿಮ ಹೇಗಿತ್ತೆಂದು ಕೇಳಿದ್ದಕ್ಕೆ, “ಕೈ ಸುಡ್ತು ಮಾರಾಯ, ಬೆಂಕಿ ಮುಟ್ಟಿದಾಂಗೆ” ಎಂದಳು. ನನಗಾದ ಸಂತೋಷ ಒಂದು ವಾರ ಪೂರ್ತಿ ಉಳಿಯಿತು. ಎಂಟನೆಯ ದಿನ ಎಪ್ಪತ್ತೈದು ರೂಪಾಯಿ ನೆನಪಾಯಿತು.

ಆಯಿ ಬದುಕಿ ಬಂದಿದ್ದಳು. ಹಣ ಬಂದಿರಲಿಲ್ಲ. ಒಂದು ಕಾಗದ ಬರೆದೆ, ಉತ್ತರವಿಲ್ಲ. ಇನ್ನೂ ಚೆಂದದ ಅಕ್ಷರದಲ್ಲಿ ಎರಡನೆಯದನ್ನು ಬರೆದೆ. ಕೊನೆಗೆ ರಸೀದಿ ಹಿಡಿದು ಅವರ ಅಂಗಡಿಗೇ ಹೋದೆ. ಬಸವಣ್ಣೆಪ್ಪನವರು ಗಜಕೋಲು ಕೆಳಗಿಟ್ಟು, ರಸೀದಿಯನ್ನು ನೋಡಿ, “ನಿಮ್ಮ ತಾಯಾರನ್ನ ಕೇಳ್ರಿ ಮಾಸ್ತರ್ರ” ಎಂದರು. ಮತ್ತೆ ಕೇಳಿದೆ. ಮತ್ತೆ ಅದೇ ಮಾತು.

ನನ್ನ ತಾಯಿಯ ಸೌದೆಯ ದುಡ್ಡಿನ ವಿಷಯ ನನ್ನ ತಾಯಿಯನ್ನೇ ಕೇಳಬೇಕಂತೆ! ನಾನು ಕೇಳಲಾರೆನೆಂದು ಗೊತ್ತಿದ್ದೇ ಈ ಮನುಷ್ಯ ಹೀಗೆ ಹೇಳುತ್ತಾನೆ ಎಂದು ನಾನು ತೀರ್ಮಾನಿಸಿದೆ. ಆಮೇಲೆ ನನ್ನ ಬಾಯಿಗೆ ಬೀಗವಿರಲಿಲ್ಲ. ಮಾಸ್ತರರ ಕೋಣೆಯಲ್ಲಿ ಹೇಳಿದೆ, ಕ್ಷೌರದ ಅಂಗಡಿಯಲ್ಲಿ ಅರ್ಧ ಬೋಳಿಸಿದ ಗಲ್ಲದಲ್ಲಿ ಹೇಳಿದೆ. ಸಿದ್ದಾಪುರದ ಒಂದು ಮದುವೆ ಪಂಕ್ತಿಯಲ್ಲಿ ಪಾಯಸ ಬರುವ ಮೊದಲು ಶುರುಮಾಡಿ ಮಜ್ಜಿಗೆ ಬರುವಾಗ ಮುಗಿಸಿದೆ. ಯಲ್ಲಾಪುರದ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತನಿಗೂ ಹೇಳಿದೆ. “ಹೆಣದ ಸೌದೆ ತಿಂದವರು” ಎಂಬ ಮಾತು ನಾನೇ ಕಟ್ಟಿದ್ದು. ಕೇಳಿದವರು ತಲೆದೂಗುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ಮುಂದಿನ ವರ್ಷದ ಯಾತ್ರೆಗೆ ಹೆಸರು ಕೊಟ್ಟವರು ಒಬ್ಬೊಬ್ಬರಾಗಿ ಹೆಸರು ತೆಗೆಸುತ್ತಿದ್ದಾರೆಂದು ತಿಳಿದಾಗ, ನ್ಯಾಯ ಇನ್ನೂ ಉಳಿದಿದೆ ಎಂದುಕೊಂಡೆ.

ಹೀಗೆ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಹೆಗ್ಗರಣೆಯಿಂದ ನನ್ನ ಸೋದರತ್ತೆ ಬಂದಳು. ಅವಳಿಗೂ ಕೇದಾರ ನೋಡುವ ಆಸೆ. ಆದರೆ ಕರೆದೊಯ್ಯುವ ಮನುಷ್ಯ ಸರಿಯಿಲ್ಲವಂತೆ, ಸೌದೆ ದುಡ್ಡು ನುಂಗುತ್ತಾನಂತೆ, ಹೋಗಿ ಬಂದವಳಾದ ನಿನ್ನನ್ನೇ ಕೇಳೋಣವೆಂದು ಬಂದೆ ಎಂದು ಆಯಿಗೆ ಹೇಳಿದಳು. ಯಾರು ಹಾಗೆ ಹೇಳಿದ್ದೆಂದು ಆಯಿ ಕೇಳಿದಳು. ಅತ್ತೆ ನನ್ನ ಕಡೆ ಕೈ ತೋರಿಸಿದಳು.

ಆಯಿ ನನ್ನ ಕಡೆ ತಿರುಗಿ ಕೂತಳು. ಆಮೇಲೆ ಹೇಳಿದಳು.

“ಆ ದುಡ್ಡು ಆನು ಖರ್ಚು ಮಾಡಿದ್ದಿ. ಯನ್ನ ಕಂಡಿ ಹೊತ್ತಂವ ಧನಸಿಂಗ ಹೇಳಿ. ಕಂಡಿಯಲ್ಲಿ ಅವನ ಬೆನ್ನಿಗೆ ಬೆನ್ನು ತಾಗ್ಸಿ ಕೂರವು. ಮೂರನೇ ದಿನ ಅವನ ಮೈ ಕಾದು ಕೆಂಡ ಆಗಿತ್ತು. ಯಂಗೆ ಬೆನ್ನಿಗೇ ಗೊತ್ತಾತು. ಇಳಿಸು ಹೇಳ್ದಿ. ಇಳ್ಸಿದಂವ ಅಲ್ಲೇ ಮಲಗ್ದ.”

ಆ ಚಟ್ಟಿಯಲ್ಲಿ ಬಸವಣ್ಣೆಪ್ಪನವರು ಬೇರೆ ಕಂಡಿಯವನನ್ನು ಹುಡುಕಿದರಂತೆ. ಅಲ್ಲಿಯ ಪದ್ಧತಿಯೇ ಹಾಗೆ. ಹೊರುವವನು ಬಿದ್ದರೆ ಬಿದ್ದ ಜಾಗದವರೆಗಿನ ಕೂಲಿ ಕೊಟ್ಟು ಮುಂದೆ ಹೋಗುವುದು. ಆಯಿ ಮಾತ್ರ, ಇವನನ್ನು ಹೊರುವವರು ಯಾರು ಎಂದು ಕೇಳಿದಳಂತೆ. ಯಾತ್ರಿಕರು ನಕ್ಕರು. ಕಂಡಿಯವನನ್ನು ಕಂಡಿಯಲ್ಲಿ ಕೂರಿಸಿದ್ದನ್ನು ಅವರು ಯಾರೂ ನೋಡಿರಲಿಲ್ಲ. ಆಯಿ ಬಸವಣ್ಣೆಪ್ಪನವರಿಗೆ, “ಯನ್ನ ಸೌದೆ ದುಡ್ಡು ನಿಮ್ಮ ಹತ್ರ ಇದ್ದಲ್ಲ, ಅದನ್ನ ತೆಗೀರಿ” ಎಂದಳಂತೆ. ಠೇವಣಿಯ ವಿಷಯ ಅವಳಿಗೆ ಹರಿದ್ವಾರ ಮುಟ್ಟುವ ಮೊದಲೇ ತಿಳಿದಿತ್ತು. ರೈಲಿನಲ್ಲಿ ಅರವತ್ತು ದಾಟಿದವರೆಲ್ಲ ತಮ್ಮ ತಮ್ಮ ಸೌದೆಯ ಬಗ್ಗೆ ತಮಾಷೆ ಮಾಡುತ್ತಲೇ ಹೋಗಿದ್ದರು. ಬಸವಣ್ಣೆಪ್ಪನವರು ಕೈಮುಗಿದು, ನಿಮ್ಮ ಮಗ ನನ್ನನ್ನು ಬಿಡುವುದಿಲ್ಲ ಎಂದರಂತೆ. ಮಗನಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ ಎಂದು ಆಯಿ ಮಾತು ತೆಗೆದುಕೊಂಡಳಂತೆ. ಬಂದ ಹೊಸ ಕಂಡಿಯಲ್ಲಿ ಧನಸಿಂಗನನ್ನು ಕೂರಿಸಿ, ಬಸ್ಸು ಸಿಗುವ ಊರಿನ ಆಸ್ಪತ್ರೆಗೆ ಕಳಿಸಿದರು. ಉಳಿದದ್ದನ್ನು ಅವನ ಔಷಧಕ್ಕೆಂದು ಜೊತೆಗೆ ಕೊಟ್ಟರು. ಆ ಚಟ್ಟಿಯಲ್ಲಿ ಮತ್ತೊಬ್ಬ ಕಂಡಿಯವನಿರಲಿಲ್ಲ. ಅಲ್ಲಿಂದ ಕೇದಾರದವರೆಗೆ ಆಯಿ ನಡೆದಳು.

“ಕಂಡಿಯಲ್ಲಿ ಕೂತ್ರೆ ಹಿಂದಿನ ದಾರಿ ಅಷ್ಟೇ ಕಾಣ್ತು. ನಡದಿದ್ದಕ್ಕೆ ಗುಡ್ಡ ಎದುರಿಂದ ಕಂಡ್ತು” ಎಂದು ಅತ್ತೆಗೆ ಹೇಳಿದಳು, ನನಗಲ್ಲ.

ಮರುದಿನವೇ ಬನವಾಸಿಗೆ ಹೋದೆ. ಆ ಮನುಷ್ಯನ ಕಾಲಿಗೆ ಬೀಳಬೇಕೆಂದು ಹೊರಟವನು ಅಂಗಡಿ ಮುಟ್ಟುವಷ್ಟರಲ್ಲಿ ಮತ್ತೆ ಸಿಟ್ಟಾಗಿದ್ದೆ: ಇಷ್ಟು ಮರ್ಯಾದೆ ಹೋಗುತ್ತಿರುವಾಗಲೂ ಬಾಯಿ ಬಿಡದಿದ್ದರೆ ಹೇಗೆ? ಅದನ್ನೇ ಕೇಳಿದೆ. “ಮಾತು ಕೊಟ್ಟಿದ್ದೆನಲ್ರಿ. ತಾಯಾರನ್ನ ಕೇಳ್ರಿ ಅಂತ ಎರಡು ಸಲ ಅಂದೆ. ನೀವು ಕೇಳಲಿಲ್ಲ” ಎಂದರು. ಮುಂದಿನ ವರ್ಷಕ್ಕೂ ಇಪ್ಪತ್ತೆರಡಿದ್ದ ಅವರ ಪಟ್ಟಿಯಲ್ಲಿ ಈಗ ಒಂಬತ್ತು ಹೆಸರಿತ್ತು. ಆ ಪಟ್ಟಿಯನ್ನು ನನ್ನ ಮುಂದೆಯೇ ಮಡಚಿ ಒಳಗಿಟ್ಟರು. ಅವರು ಒಂದು ಬೈಗುಳ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲಿನ ತಿಂಗಳು ನಾನು ಸಿದ್ದಾಪುರಕ್ಕೆ ಹೋದೆ, ಹೆಗ್ಗರಣೆಗೆ ಹೋದೆ, ಯಲ್ಲಾಪುರಕ್ಕೆ ಎರಡು ಸಲ ಹೋದೆ. ಕ್ಷೌರವಿಲ್ಲದಿದ್ದರೂ ಕ್ಷೌರದ ಅಂಗಡಿಗೆ ಹೋದೆ. ನನ್ನ ತಪ್ಪನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಅಪವಾದವನ್ನು ಊಟ ಬಿಟ್ಟು ಕೇಳಿದವರೇ ಈಗ ಎಲೆ ಅಡಿಕೆ ಹುಡುಕುತ್ತಾ ಎದ್ದು ಹೋಗುತ್ತಿದ್ದರು. ಕೆಲವರು, ಮಾಸ್ತರರಿಗೆ ದುಡ್ಡು ವಾಪಸು ಸಿಕ್ಕಿರಬೇಕು, ಅದಕ್ಕೇ ಮಾತು ತಿರುಗಿಸಿದ್ದಾರೆ ಎಂದರಂತೆ. ಯಲ್ಲಾಪುರದ ಬಸ್ಸಿನ ಆ ಅಪರಿಚಿತ ಇನ್ನೂ ಸಿಕ್ಕಿಲ್ಲ. ಅವನು ಯಾವ ಊರಿನಲ್ಲಿ ಯಾರಿಗೆ ಹೇಳುತ್ತಿದ್ದಾನೋ ಎಂದು ನೆನೆದಾಗಲೆಲ್ಲ ಮೈಯೆಲ್ಲ ಉರಿಯುತ್ತದೆ. ಬಸವಣ್ಣೆಪ್ಪನವರು ಮರುವರ್ಷ ಹದಿನಾಲ್ಕು ಜನರನ್ನು ಕರೆದುಕೊಂಡು ಹೋದರು. ಉಳಿದ ಎಂಟು ಜನರ ಕೇದಾರವನ್ನು ತಪ್ಪಿಸಿದವನು ನಾನು.

ಆ ತಿಂಗಳು ಹೀಗೆ ತಿರುಗಿ ತಿರುಗಿ ಬಂದು ಒಂದು ಸಂಜೆ ಜಗಲಿಯಲ್ಲಿ ಕುಳಿತವನು, ಇದಕ್ಕೆಲ್ಲ ಮೂಲ ಆಯಿಯೇ ಎಂದು ಕಂಡು, ಅವಳ ಮೇಲೂ ರೇಗಿದೆ. ನಾನೇ ಹೇಳುತ್ತೇನೆ ಎಂದು ಅವರಿಗೆ ಮಾತು ಕೊಟ್ಟವಳು ಬಂದ ದಿನವೇ ಯಾಕೆ ಹೇಳಲಿಲ್ಲ? ನಾನೇನು ಬೇಡ ಎನ್ನುತ್ತಿದ್ದೆನೇ? ಕೊಟ್ಟದ್ದನ್ನು ಕಿತ್ತುಕೊಂಡು ಬಾ ಎಂದು ಹಿಮಾಲಯಕ್ಕೆ ತಿರುಗಿ ಕಳಿಸುತ್ತಿದ್ದೆನೇ?

ಆಯಿ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಹೇಳವು ಹೇಳೇ ಇದ್ದಿದ್ದಿ. ಆದ್ರೆ ಹೇಳಿದ್ರೆ ನೀ ಎಂತ ಕೇಳ್ತಿದ್ದೆ ಹೇಳದು ಯಂಗೆ ಗೊತ್ತಿದ್ದು, ತಮಾ. ಅಂವ ಬದುಕಿದ್ನಾ ಹೇಳಿ ಕೇಳ್ತಿದ್ದಿಲ್ಲೆ. ಕಂಡಿಗೆ ಎಷ್ಟು ಹೋತು, ಔಷಧಕ್ಕೆ ಎಷ್ಟು ಹೋತು ಹೇಳಿ ಕೇಳ್ತಿದ್ದೆ.”

ಮೂರು ತಿಂಗಳು ಕೂಗಾಡಿದ್ದೆ, ಒಂದು ತಿಂಗಳು ಊರೂರು ತಿರುಗಿದ್ದೆ. ಧನಸಿಂಗ ಬದುಕಿದನೇ ಎಂದು ನಾನು ಅಂದಿನವರೆಗೂ ಕೇಳಿರಲಿಲ್ಲ.